ಉಪ್ಪು ತಿಂದವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು

ಹೋದ ಚಳಿಗಾಲದಲ್ಲಿ ಕುಮಟಾ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೂರದ ಸಂಬಂಧದ ಭಾವ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಶುರು ಮಾಡಿದರು. "ನೀವು ಪುಣ್ಯವಂತರು ಬಿಡಿ, ಗುಜರಾತಿನಲ್ಲಿ ಇದ್ದೀರಿ. ಅಲ್ಲಿ ನೋಡಿ, ದಹೇಜ್ ಅಂತೆ, ಹಜೀರಾ ಅಂತೆ, ಒಂದರ ಹಿಂದೆ ಒಂದು ಕೆಮಿಕಲ್ ಫ್ಯಾಕ್ಟರಿ. ನಮ್ಮಲ್ಲಿ ಒಂದು ಬರಲಿಕ್ಕೆ ಬಿಡುವುದಿಲ್ಲ ಜನ. ಸಮುದ್ರ ಇದೆ, ಬಂದರು ಇದೆ, ಉಪ್ಪಿದೆ. ಒಂದು ಪೀವೀಸಿ ಫ್ಯಾಕ್ಟರಿ ಬಂದರೆ ನಮ್ಮ ಹುಡುಗರು ಬೆಂಗಳೂರಿಗೆ ಹೋಗುವುದು ತಪ್ಪುತ್ತಿತ್ತು." ಸುತ್ತ ನಾಲ್ಕು ಜನ ತಲೆ ಆಡಿಸಿದರು. ಬಾಯಲ್ಲಿ ಹೋಳಿಗೆ ಇದ್ದುದರಿಂದ ನಾನೂ ಆಡಿಸಿದೆ.

ಹಾಗೆ ತಲೆ ಆಡಿಸಿದ್ದು ವಸ್ತ್ರಾಪುರಕ್ಕೆ ವಾಪಸು ಬಂದಮೇಲೂ ಚುಚ್ಚುತ್ತಿದೆ. ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್ ಹೋಗುವಾಗ ಭಾವನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಎಷ್ಟು ಸುತ್ತು ಹೊಡೆದಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಹೇಳದೇ ಉಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ನನ್ನ ಜಾತಕ ಹೇಳಿಬಿಡುವುದು ಒಳ್ಳೆಯದು. ನಾನು ಪರಿಸರವಾದಿ ಅಲ್ಲ. ಬಿ.ಕಾಂ. ಮಾಡಿಕೊಂಡು 1983ರಲ್ಲಿ ವಡೋದರಕ್ಕೆ ಬಂದು ಇಳಿದವನು. ಮೊದಲು ಒಂದು ಕಾಸ್ಟಿಕ್ ಸೋಡಾ ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗ, ಆಮೇಲೆ ಪೀವೀಸಿ ಮಾಡುವ ಇನ್ನೊಂದು ಕಂಪನಿಯ ಲೆಕ್ಕಪತ್ರ. 1996ರಿಂದ ಅಹಮದಾಬಾದಿನ ವಸ್ತ್ರಾಪುರದಲ್ಲೇ ಮನೆ. ಆ ಮನೆಯ ಸಾಲ ತೀರಿದ್ದು, ಮಗಳು ಓದಿದ್ದು, ಈಗ ನಾನು ಆರಾಮಾಗಿ ಕೂತು ಕೆಮಿಕಲ್ ಕಂಪನಿಗಳಿಗೆ ಬೈಯುವಷ್ಟು ಪುರುಸೊತ್ತು ಸಿಕ್ಕಿದ್ದು, ಎಲ್ಲ ಅದೇ ಸಂಬಳದಿಂದ. ಅವರ ಉಪ್ಪು ತಿಂದವನು ನಾನು. ಅಕ್ಷರಶಃ ಉಪ್ಪು, ಯಾಕೆಂದರೆ ಈ ವ್ಯಾಪಾರ ಶುರುವಾಗುವುದೇ ಉಪ್ಪಿನಿಂದ.

ಭಾವನಂಥವರಿಗೆ ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲ. ತಪ್ಪು ಅವರದಲ್ಲ, ಪೇಪರಿನಲ್ಲಿ ಬರುವುದು ಬರೀ 'ಇಷ್ಟು ಸಾವಿರ ಕೋಟಿ ಹೂಡಿಕೆ' ಅಂತ. ಆದ್ದರಿಂದ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ.

ಉಪ್ಪುನೀರಿಗೆ ಕರೆಂಟು ಹಾಯಿಸಿದರೆ ಮೂರು ಸಾಮಾನು ಬರುತ್ತವೆ: ಕಾಸ್ಟಿಕ್ ಸೋಡಾ, ಕ್ಲೋರಿನ್, ಒಂದಿಷ್ಟು ಹೈಡ್ರೋಜನ್. ಒಂದು ಟನ್ ಕಾಸ್ಟಿಕ್ಕಿಗೆ ಒಂದೂವರೆ ಟನ್ ಉಪ್ಪು ಬೇಕು, ಈಗಿನ ಒಳ್ಳೆಯ ಯಂತ್ರದಲ್ಲೂ 2,300ರಿಂದ 2,500 ಯೂನಿಟ್ ಕರೆಂಟು ಬೇಕು. ಊರಿನ ನಮ್ಮ ಮನೆಗೆ ತಿಂಗಳಿಗೆ ನೂರು ಯೂನಿಟ್ ಅಂದುಕೊಳ್ಳಿ, ಎರಡು ವರ್ಷದ ಕರೆಂಟು ಒಂದು ಟನ್ನಿಗೆ ಹೋಯಿತು. ಇದು ಕರೆಂಟನ್ನು ಚೀಲದಲ್ಲಿ ತುಂಬಿ ಮಾರುವ ವ್ಯಾಪಾರ ಅಂತ ನಮ್ಮ ಹಳೆಯ ಮ್ಯಾನೇಜರು ತಮಾಷೆ ಮಾಡುತ್ತಿದ್ದರು.

ತೊಂದರೆ ಇರುವುದು ಎರಡನೇ ಸಾಮಾನಿನಲ್ಲಿ. ಒಂದು ಟನ್ ಕಾಸ್ಟಿಕ್ ಮಾಡಿದರೆ ಜೊತೆಗೆ ಸುಮಾರು 885 ಕಿಲೋ ಕ್ಲೋರಿನ್ ಹುಟ್ಟಿಯೇ ಹುಟ್ಟುತ್ತದೆ. ಬೇಡ ಅಂದರೆ ಆಗುವುದಿಲ್ಲ, ಅವಳಿ ಮಕ್ಕಳಿದ್ದ ಹಾಗೆ. ಕಾಸ್ಟಿಕ್ಕನ್ನು ಎಲ್ಲರೂ ಕೇಳುತ್ತಾರೆ. ಸೂರತ್ತಿನ ಬಟ್ಟೆ ಮಿಲ್ಲಿಗೆ ಬೇಕು, ಸಾಬೂನಿಗೆ ಬೇಕು, ನಮ್ಮ ದಾಂಡೇಲಿಯಂಥ ಕಡೆ ಕಾಗದಕ್ಕೆ ಬೇಕು, ಬೆಳಗಾವಿಯಂಥ ಕಡೆ ಅಲ್ಯುಮಿನಾಕ್ಕೆ ಬೇಕು. ಟ್ಯಾಂಕಿನಲ್ಲಿ ತುಂಬಿಟ್ಟುಕೊಂಡು ಕಾಯಬಹುದು. ಕ್ಲೋರಿನ್ ಹಾಗಲ್ಲ. ಅದು ವಿಷದ ಗಾಳಿ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟ ಗಾಳಿ ಅದೇ. ಒತ್ತಿ ದ್ರವ ಮಾಡಿ, 900 ಕಿಲೋ ಹಿಡಿಯುವ ಟನ್ನರ್ ಎಂಬ ಸಿಲಿಂಡರಿನಲ್ಲಿ ತುಂಬಿ ಕಳಿಸಬೇಕು. ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಟ್ಯಾಂಕು ತುಂಬಿತು ಅಂದರೆ ಕಾರ್ಖಾನೆಯನ್ನೇ ನಿಧಾನ ಮಾಡಬೇಕು, ಆಗ ಕಾಸ್ಟಿಕ್ಕೂ ಬರುವುದಿಲ್ಲ.

ಡಿಸ್ಪ್ಯಾಚಿನಲ್ಲಿ ಕೂತ ನನಗೆ ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತಿತ್ತು. "ಕ್ಲೋರಿನ್ ಎತ್ತಿಸಿ, ಹೇಗಾದರೂ ಎತ್ತಿಸಿ." ಆಗ ನಾವು ಏನು ಮಾಡುತ್ತಿದ್ದೆವು ಗೊತ್ತೇ? ದುಡ್ಡು ಕೊಟ್ಟು ಕೊಡುತ್ತಿದ್ದೆವು. ಹೌದು ಸ್ವಾಮಿ, ತೆಗೆದುಕೊಂಡು ಹೋಗುವವನಿಗೆ ಲಾರಿ ಬಾಡಿಗೆ ನಾವೇ ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ ಕೊಡುವುದು. 'ನೆಗೆಟಿವ್ ಪ್ರೈಸ್' ಅಂತ ಈಗಲೂ ಕಂಪನಿಗಳು ತಮ್ಮ ಹೂಡಿಕೆದಾರರಿಗೆ ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಸಂಗತಿ ಇದು. ನಮ್ಮ ಲೆಕ್ಕದ ಭಾಷೆಯಲ್ಲಿ ಕಾಸ್ಟಿಕ್ಕು ಮತ್ತು ಕ್ಲೋರಿನ್ನು ಸೇರಿಸಿ ಒಂದೇ ಗಂಟು, ಅದಕ್ಕೆ 'ಇಲೆಕ್ಟ್ರೋ ಕೆಮಿಕಲ್ ಯೂನಿಟ್' ಅಂತ ಹೆಸರು. ಗಂಟಿನ ಒಟ್ಟು ಬೆಲೆ ಖರ್ಚಿಗಿಂತ ಮೇಲಿದ್ದರೆ ಸಾಕು. ಒಂದು ಮಗು ದುಡಿದು ಇನ್ನೊಂದನ್ನು ಸಾಕಿದರೂ ಪರವಾಗಿಲ್ಲ.

ದುಡ್ಡು ಕೊಟ್ಟು ಸಾಗಹಾಕಿದ ಆ ಕ್ಲೋರಿನ್ ಎಲ್ಲಿಗೆ ಹೋಯಿತು ಅಂತ ನಾನು ಯಾವತ್ತೂ ಕೇಳಲಿಲ್ಲ. ಗೇಟ್ ದಾಟಿದ ಮೇಲೆ ಗೇಟ್‌ಪಾಸಿನ ಕಾರ್ಬನ್ ಕಾಪಿ ಫೈಲಿಗೆ ಹೋಗುತ್ತಿತ್ತು, ಅಷ್ಟೆ.

ಈಗ ಪೀವೀಸಿಗೆ ಬರೋಣ. ಪಾಲಿವಿನೈಲ್ ಕ್ಲೋರೈಡ್, ನಿಮ್ಮ ಬಾವಿಯ ಪೈಪು, ಕಿಟಕಿಯ ಚೌಕಟ್ಟು, ವೈರಿನ ಮೇಲಿನ ಹೊದಿಕೆ, ಆಸ್ಪತ್ರೆಯ ರಕ್ತದ ಚೀಲ. ಅದರ ತೂಕದಲ್ಲಿ ನೂರಕ್ಕೆ 57 ಭಾಗ ಕ್ಲೋರಿನ್. ಉಳಿದದ್ದು ಪೆಟ್ರೋಲಿಯಂ ಕಡೆಯಿಂದ ಬರುವ ಎಥಿಲೀನ್. ಯಾರಿಗೂ ಬೇಡವಾದ ಆ ವಿಷದ ಗಾಳಿಗೆ ಶಾಶ್ವತವಾದ ಒಂದು ಮನೆ ಬೇಕಿತ್ತು, ಸಿಕ್ಕ ದೊಡ್ಡ ಮನೆ ಪೀವೀಸಿ. ಪೈಪು ಅಗ್ಗವಾಗಲಿಕ್ಕೆ ಒಂದು ದೊಡ್ಡ ಕಾರಣ ಇದೇ.

ವಡೋದರ ಈ ವ್ಯಾಪಾರದ ತವರು. ಕೊಯಲಿಯಲ್ಲಿ ರಿಫೈನರಿ ಬಂತು, ಅದರ ಪಕ್ಕ 1969ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಐಪಿಸಿಎಲ್ ಬಂತು, 1973ರಲ್ಲಿ ಗುಜರಾತ್ ಆಲ್ಕಲೀಸ್ ಹುಟ್ಟಿತು. ನಾನು ಬಂದಾಗ ಐಪಿಸಿಎಲ್ ಕಾಲೋನಿ ಅಂದರೆ ಒಂದು ಸ್ವರ್ಗ. ತಮಿಳರು, ಬಂಗಾಳಿಗಳು, ನಮ್ಮವರೂ ಕೆಲವರು. 2002ರಲ್ಲಿ ಕೇಂದ್ರ ಸರ್ಕಾರ ಅದರ 26 ಶೇಕಡಾ ಪಾಲನ್ನೂ ಆಡಳಿತವನ್ನೂ 1,491 ಕೋಟಿಗೆ ರಿಲಯನ್ಸ್‌ಗೆ ಮಾರಿತು, 2007ರಲ್ಲಿ ಕಂಪನಿಯೇ ವಿಲೀನವಾಯಿತು. ಹಜೀರಾದಲ್ಲಿ ಅವರ ಕಾರ್ಖಾನೆ ಮೊದಲೇ ಇತ್ತು. ಹೀಗಾಗಿ ದೇಶದ ಪೀವೀಸಿ ತಯಾರಿಕೆಯ ಸುಮಾರು ಅರ್ಧ ಒಂದೇ ಮನೆಯ ಕೈಯಲ್ಲಿದೆ. ಅದು ಸರಿಯೋ ತಪ್ಪೋ ಅಂತ ವಾದ ಮಾಡಲು ಇವತ್ತು ಹೊರಟಿಲ್ಲ, ಅದೇ ಒಂದು ಪುರಾಣವಾದೀತು.

ನಾನು ಹೇಳಬೇಕಾದದ್ದು ಈ ಧಂದೆಯ ಎರಡು ನಾಲಗೆಯ ಬಗ್ಗೆ.

ನಮ್ಮ ದೇಶ ವರ್ಷಕ್ಕೆ 40 ಲಕ್ಷ ಟನ್ನಿಗೂ ಹೆಚ್ಚು ಪೀವೀಸಿ ಬಳಸುತ್ತದೆ. ಮಾಡುವ ಶಕ್ತಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಚೀನಾ, ಜಪಾನ್, ಕೊರಿಯಾ, ತೈವಾನ್, ಅಮೆರಿಕಾ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಅದು ಅಗ್ಗವಾದಾಗಲೆಲ್ಲ ನಮ್ಮ ಕಂಪನಿಗಳು ದೆಹಲಿಗೆ ಓಡುತ್ತವೆ. 2024ರಲ್ಲಿ ವಾಣಿಜ್ಯ ಸಚಿವಾಲಯ ಏಳು ದೇಶಗಳ ಸಸ್ಪೆನ್ಷನ್ ಪೀವೀಸಿ ಮೇಲೆ ಆ್ಯಂಟಿ ಡಂಪಿಂಗ್ ತನಿಖೆ ಶುರು ಮಾಡಿತು, 2025ರ ಆಗಸ್ಟ್‌ನಲ್ಲಿ ಸುಂಕ ಹಾಕಿ ಅಂತ ಶಿಫಾರಸನ್ನೂ ಮಾಡಿತು. ಅರ್ಜಿಯ ಭಾಷೆ ದೇಶಭಕ್ತಿಯದು: ದೇಶದ ಉದ್ಯಮ, ದೇಶದ ಉದ್ಯೋಗ, ಆತ್ಮನಿರ್ಭರ. ಅದೇ ಕಂಪನಿಗಳಲ್ಲಿ ಕೆಲವು ತಮ್ಮ ಕಚ್ಚಾಮಾಲಾದ ಎಥಿಲೀನ್ ಡೈಕ್ಲೋರೈಡನ್ನೋ ವಿನೈಲ್ ಕ್ಲೋರೈಡನ್ನೋ ಹೊರದೇಶದಿಂದಲೇ ತರಿಸುತ್ತವೆ ಅನ್ನುವುದು ಬೇರೆ ಮಾತು. (ಇಲ್ಲಿ ಕ್ಲೋರಿನ್ನಿಗೆ ದುಡ್ಡು ಕೊಟ್ಟು ಕಳಿಸುವುದು, ಅಲ್ಲಿಂದ ಅದೇ ಕ್ಲೋರಿನ್ ಕೂಡಿಕೊಂಡ ದ್ರವವನ್ನು ಡಾಲರ್ ಕೊಟ್ಟು ತರಿಸುವುದು. ಎಥಿಲೀನ್ ಸಾಲದು ಅನ್ನುವುದು ಕಾರಣ. ಬಿ.ಕಾಂ. ಓದಿದವನಿಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು.) ಸುಂಕ ಬಿದ್ದರೆ ಏಟು ಯಾರಿಗೆ? ಅಹಮದಾಬಾದಿನ ವಟವಾ, ನರೋಡಾ ಕಡೆ ಎರಡು ಎಕ್ಸ್‌ಟ್ರೂಡರ್ ಇಟ್ಟುಕೊಂಡು ಪೈಪು ಎಳೆಯುವ ಸಣ್ಣ ವ್ಯಾಪಾರಿಗೆ, ಕೊನೆಗೆ ಬೋರು ಹೊಡೆಸುವ ಕೋಲಾರದ ರೈತನಿಗೆ.

ಸುಂಕ ಕೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಚೀನಾದವರು ಗೋದಾಮು ಖಾಲಿ ಮಾಡಲು ನಮ್ಮ ಮೇಲೆ ಸುರಿಯುವುದು ನಿಜವೇ ಇರಬಹುದು. ನನ್ನ ತಕರಾರು ಏನೆಂದರೆ, ಬೆಲೆಯ ಮಾತು ಬಂದಾಗ 'ನಾವು ಈ ದೇಶದವರು, ಕಾಪಾಡಿ' ಅನ್ನುವ ಇದೇ ಬಾಯಿ, ನಿಯಮದ ಮಾತು ಬಂದಾಗ 'ನಾವು ಜಗತ್ತಿನ ಜೊತೆ ಸ್ಪರ್ಧೆ ಮಾಡಬೇಕು, ಕಟ್ಟಿಹಾಕಬೇಡಿ, ಮುಳುಗಿಹೋಗುತ್ತೇವೆ' ಅನ್ನುತ್ತದೆ. ನಲವತ್ತು ವರ್ಷದಿಂದ ಈ 'ಮುಳುಗಿಹೋಗುತ್ತೇವೆ' ಕೇಳುತ್ತಾ ಬಂದಿದ್ದೇನೆ. ಮುಳುಗಿದ್ದನ್ನು ಮಾತ್ರ ನೋಡಿಲ್ಲ.

ಉದಾಹರಣೆ ಕೊಡುತ್ತೇನೆ. ವಿನೈಲ್ ಕ್ಲೋರೈಡ್ ಅನಿಲ ಪೀವೀಸಿಯ ಹಿಂದಿನ ಅವತಾರ. ಪುಡಿಯಾದ ಮೇಲೆ ಅದು ಸಾಧು, ಅನಿಲವಾಗಿದ್ದಾಗ ಕ್ಯಾನ್ಸರ್‌ಕಾರಕ. 1974ರ ಜನವರಿಯಲ್ಲಿ ಅಮೆರಿಕಾದ ಬಿ.ಎಫ್. ಗುಡ್‌ರಿಚ್ ಕಂಪನಿ, ಕೆಂಟಕಿಯ ಲೂಯಿವಿಲ್ ಕಾರ್ಖಾನೆಯ ಮೂವರು ಕೆಲಸಗಾರರು ಆ್ಯಂಜಿಯೋಸಾರ್ಕೋಮಾ ಎಂಬ ಅಪರೂಪದ ಲಿವರ್ ಕ್ಯಾನ್ಸರಿನಿಂದ ಸತ್ತರು ಅಂತ ಹೇಳಿತು. ಲಕ್ಷಾಂತರ ಜನರಲ್ಲಿ ಒಬ್ಬರಿಗೂ ಬರದ ಕಾಯಿಲೆ, ಒಂದೇ ಕಾರ್ಖಾನೆಯಲ್ಲಿ ಮೂವರಿಗೆ. ಗಾಳಿಯಲ್ಲಿ 500 ಪಿಪಿಎಂವರೆಗೆ ಇರಬಹುದು ಎಂದಿದ್ದ ಮಿತಿಯನ್ನು ಅಲ್ಲಿನ ಸರ್ಕಾರ 1 ಪಿಪಿಎಂಗೆ ಇಳಿಸಿತು. ಉದ್ಯಮ ಬೊಬ್ಬೆ ಹೊಡೆಯಿತು, ಲಕ್ಷಾಂತರ ಕೆಲಸ ಹೋಗುತ್ತದೆ ಅಂತ ಲೆಕ್ಕ ತೋರಿಸಿತು. ಎರಡು ವರ್ಷದೊಳಗೆ ಎಲ್ಲರೂ ಹೊಸ ಪದ್ಧತಿಗೆ ಹೊಂದಿಕೊಂಡರು. ಸೋರಿ ಹೋಗುತ್ತಿದ್ದ ಅನಿಲವನ್ನು ಹಿಡಿದು ವಾಪಸು ಬಳಸಿದರೆ ಅದೂ ಉಳಿತಾಯವೇ ಅಂತ ಆಮೇಲೆ ಗೊತ್ತಾಯಿತು. ಗುಡ್‌ರಿಚ್ ಕಂಪನಿ ತನ್ನ ಶುದ್ಧೀಕರಣ ತಂತ್ರವನ್ನೇ ಬೇರೆಯವರಿಗೆ ಮಾರಿತು!

ಪಾದರಸದ ಕಥೆಯೂ ಅದೇ. ಹಳೆಯ ಕಾಸ್ಟಿಕ್ ಕಾರ್ಖಾನೆಗಳಲ್ಲಿ ಕರೆಂಟು ಹಾಯಿಸುವ ತೊಟ್ಟಿಯ ತಳದಲ್ಲಿ ಪಾದರಸ ಹರಿಯುತ್ತಿತ್ತು, ಒಂದಿಷ್ಟು ನೀರಿಗೂ ಗಾಳಿಗೂ ಹೋಗುತ್ತಿತ್ತು. 2003ರಲ್ಲಿ ಪರಿಸರ ಸಚಿವಾಲಯದ ಜೊತೆ ಉದ್ಯಮ ಒಪ್ಪಂದ ಮಾಡಿಕೊಂಡು ಪಾದರಸ ಬಿಟ್ಟು ಮೆಂಬ್ರೇನ್‌ಗೆ ಹೋಗಬೇಕೆಂದಾಯಿತು. ಬಹಳ ದುಬಾರಿ, ಬಹಳ ಕಷ್ಟ ಅಂದರು. ಹೋದರು. ಕರೆಂಟಿನ ಖರ್ಚು ಕಡಿಮೆಯಾಯಿತು, ಲಾಭ ಹೆಚ್ಚಾಯಿತು.

ಮೂರನೆಯದು ಸೀಸ. ಪೀವೀಸಿ ಪೈಪು ಎಳೆಯುವಾಗ ಬಿಸಿಗೆ ಸುಟ್ಟುಹೋಗದ ಹಾಗೆ ಅದಕ್ಕೆ ಸ್ಟೆಬಿಲೈಸರ್ ಬೆರೆಸುತ್ತಾರೆ. ಅಗ್ಗದ್ದು ಸೀಸದ್ದು. ಕುಡಿಯುವ ನೀರಿನ ಪೈಪಿನಲ್ಲಿ ಸೀಸ! ಮಕ್ಕಳ ಮೆದುಳಿಗೆ ಅದು ಏನು ಮಾಡುತ್ತದೆ ಅಂತ ಜಗತ್ತಿಗೇ ಗೊತ್ತು. ಯುರೋಪಿನ ಪೀವೀಸಿ ಉದ್ಯಮ 2015ರ ಕೊನೆಗೆ ತಾನಾಗಿಯೇ ಸೀಸ ಬಿಟ್ಟಿತು. ನಮ್ಮಲ್ಲಿ ಯಾರೋ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು, 2017ರಲ್ಲಿ ಆದೇಶವಾಯಿತು, ನಿಯಮ ಹೊರಬಂದದ್ದು 2021ರಲ್ಲಿ. ಅಷ್ಟರಲ್ಲಿ ನೆಲದೊಳಗೆ ಹೂತ ಪೈಪುಗಳನ್ನು ಯಾರೂ ಅಗೆದು ತೆಗೆಯುವುದಿಲ್ಲ.

ಇಷ್ಟೆಲ್ಲ ಅಂಕಿಅಂಶ ಯಾರು ಬೇಕಾದರೂ ಹುಡುಕಿ ಬರೆಯಬಹುದು. ನಾನು ಮಾತ್ರ ಹೇಳಬಹುದಾದ್ದು ಒಂದಿದೆ, ಅದನ್ನು ಹೇಳಲೇ ಬೇಕು.

ಪೀವೀಸಿ ರಿಯಾಕ್ಟರ್ ಅಂದರೆ ಒಂದು ದೊಡ್ಡ ಪ್ರೆಶರ್ ಕುಕ್ಕರ್. ಒಳಗೋಡೆಗೆ ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ, ಅನ್ನದ ತಳ ಹಿಡಿದ ಹಾಗೆ. ಈಗ ಹೆಚ್ಚಾಗಿ ನೀರಿನ ಜೆಟ್‌ನಿಂದ ತೊಳೆಯುತ್ತಾರೆ. ಹಿಂದೆ ಮನುಷ್ಯರೇ ಇಳಿದು ಕೆರೆಯುತ್ತಿದ್ದರು. ಲೂಯಿವಿಲ್ಲಿನಲ್ಲೂ ಹೆಚ್ಚು ತೊಂದರೆಗೆ ಸಿಕ್ಕವರು ಹಾಗೆ ಇಳಿದವರೇ. ನಮ್ಮ ಕಂಪನಿಯಲ್ಲಿ ಆ ಕೆಲಸ ಗುತ್ತಿಗೆದಾರನದು. ತಿಂಗಳಿಗೊಮ್ಮೆ ಅವನ ಬಿಲ್ಲು ನನ್ನ ಮೇಜಿಗೆ ಬರುತ್ತಿತ್ತು: 'ರಿಯಾಕ್ಟರ್ ಕ್ಲೀನಿಂಗ್, 14 ತಲೆ, ಇಷ್ಟು ದಿನ, ಇಷ್ಟು ದರ'. ಹೆಸರಿಲ್ಲ. ಹೆಸರು ನನಗೆ ಬೇಕಾಗಿಯೂ ಇರಲಿಲ್ಲ, ಗುಣಾಕಾರ ಸರಿ ಇದ್ದರೆ ಪಾಸು ಮಾಡುತ್ತಿದ್ದೆ.

1998ರ ಬೇಸಿಗೆಯಲ್ಲಿ ಒಬ್ಬ ಹುಡುಗ ಆಫೀಸಿಗೆ ಬಂದ. ದಾಹೋದ್ ಕಡೆಯ ಆದಿವಾಸಿ. ಅವನ ಅಣ್ಣ ನಮ್ಮಲ್ಲಿ ಆರು ವರ್ಷ ಕೆಲಸ ಮಾಡಿದ್ದನಂತೆ. ಈಗ ಆಸ್ಪತ್ರೆಯಲ್ಲಿ, ಲಿವರು ಹೋಗಿದೆ. ಯಾವ ಕೆಲಸದಲ್ಲಿದ್ದ, ಏನು ಮುಟ್ಟುತ್ತಿದ್ದ ಅಂತ ಡಾಕ್ಟರು ಕೇಳುತ್ತಿದ್ದಾರೆ, ಒಂದು ಕಾಗದ ಬೇಕು ಅಂದ. ನಾನು ರಿಜಿಸ್ಟರ್ ತೆಗೆದು ಪ್ರಾಮಾಣಿಕವಾಗಿ ಹುಡುಕಿದೆ. ಆ ಹೆಸರು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. "ನಮ್ಮ ರೆಕಾರ್ಡಿನಲ್ಲಿ ಇಲ್ಲ ಭಾಯಿ" ಅಂದೆ. ಹುಡುಗ ಜಗಳ ಮಾಡಲಿಲ್ಲ. ಟೇಬಲ್ಲಿನ ಮೇಲಿದ್ದ ನೀರಿನ ಲೋಟದ ಕಡೆ ನೋಡಿ, ಕುಡಿಯಲೇ ಅಂತ ಕೇಳಿ, ಕುಡಿದು ಹೋದ.

ಅವನ ಅಣ್ಣನ ಕಾಯಿಲೆಗೆ ಕಾರಣ ಏನು, ಡಾಕ್ಟರು ಹೇಳಬೇಕಾದ ಮಾತು. ಕುಡಿತವೂ ಇರಬಹುದು, ಕಾಮಾಲೆಯೂ ಇರಬಹುದು. ಆದರೆ ಡಾಕ್ಟರಿಗೆ ಬೇಕಾಗಿದ್ದ ಒಂದೇ ಒಂದು ಸಾಲು ಬರೆದು ಕೊಡಬಹುದಾಗಿದ್ದ ಮನುಷ್ಯ ನಾನು. 'ಇವರು ರಿಯಾಕ್ಟರ್ ಒಳಗೆ ಇಳಿಯುವ ಕೆಲಸ ಮಾಡಿರಬಹುದು' ಅಂತ. ಮ್ಯಾನೇಜರನ್ನು ಕೇಳಲೂ ಇಲ್ಲ. ಕೇಳಿದ್ದರೆ ಏನಾಗುತ್ತಿತ್ತು ಅಂತ ಗೊತ್ತಿತ್ತು, ಮನೆ ಸಾಲ ಬೇರೆ ಇತ್ತು.

ಅಮೆರಿಕಾದಲ್ಲಿ ಆ ಮೂವರು ಲೆಕ್ಕಕ್ಕೆ ಸಿಕ್ಕರು. ಕಾರಣ ಅವರ ಹೆಸರು ಕಂಪನಿಯ ಪುಸ್ತಕದಲ್ಲಿತ್ತು, ಅವರನ್ನು ನೋಡಿಕೊಳ್ಳುತ್ತಿದ್ದ ಕಾರ್ಖಾನೆಯ ಡಾಕ್ಟರು ಒಂದಕ್ಕೊಂದು ತಾಳೆ ಹಾಕಿದರು. ಹೆಸರೇ ಇಲ್ಲದ 14 ತಲೆಗಳಲ್ಲಿ ಯಾರಿಗೆ ಏನಾಯಿತು ಅಂತ ಯಾರು ತಾಳೆ ಹಾಕುತ್ತಾರೆ? 'ನಮ್ಮಲ್ಲಿ ಅಂಥ ಒಂದೂ ಕೇಸ್ ದಾಖಲಾಗಿಲ್ಲ' ಅಂತ ಉದ್ಯಮದವರು ಸಭೆಗಳಲ್ಲಿ ಎದೆ ತಟ್ಟಿ ಹೇಳಿದಾಗ ನನಗೆ ಆ ನೀರಿನ ಲೋಟ ನೆನಪಾಗುತ್ತದೆ.

ನೀರು ಅಂದಾಗ ಇನ್ನೊಂದು. ಭಾವ ಹೇಳಿದ ದಹೇಜ್, ಹಜೀರಾ ಎಲ್ಲ ಸಮುದ್ರದ ಮಗ್ಗುಲಲ್ಲಿವೆ. ವಡೋದರ ಹಾಗಲ್ಲ, ಒಳನಾಡು. ಹಾಗಾದರೆ ಅಲ್ಲಿನ ಕಾರ್ಖಾನೆಗಳ ಕೊಳೆನೀರು ಎಲ್ಲಿಗೆ? 1983ರಲ್ಲಿ ಅದಕ್ಕೆಂದೇ ಒಂದು ಕಾಲುವೆ ತೆರೆಯಿತು. ನಾನು ಬಂದ ವರ್ಷವೇ. ಧನೋರಾದಿಂದ ಹೊರಟು ಸುಮಾರು 56 ಕಿಲೋಮೀಟರ್ ಹೊಲಗಳ ನಡುವೆ ಹರಿದು, ಭರೂಚ್ ಜಿಲ್ಲೆಯ ಜಂಬೂಸರ ತಾಲೂಕಿನ ಸಾರೋದ್ ಬಳಿ ಮಹೀ ನದಿ ಸಮುದ್ರ ಸೇರುವ ಕಡೆಗೆ ಬೀಳುತ್ತದೆ. ಅಂಕೋಲೆಯಿಂದ ಹೊನ್ನಾವರದವರೆಗೆ ಒಂದು ಕೊಳಚೆಯ ತೋಡು ಹರಿಯುವುದನ್ನು ಕಲ್ಪಿಸಿಕೊಳ್ಳಿ, ದೂರ ಹೆಚ್ಚುಕಡಿಮೆ ಅಷ್ಟೇ. ಶುದ್ಧ ಮಾಡಿಯೇ ಬಿಡಬೇಕು ಅಂತ ನಿಯಮ. ನೀರಿಲ್ಲದ ಕಾಲದಲ್ಲಿ ದಾರಿಯ ರೈತರು ಪಂಪು ಇಟ್ಟು ಅದನ್ನೇ ಹೊಲಕ್ಕೆ ಹಾಯಿಸಿಕೊಂಡದ್ದೂ ದಾಖಲಾಗಿದೆ. ಬೆಳೆ ಬೇಕಲ್ಲ.

ವಡೋದರದ ಪರ್ಯಾವರಣ ಸುರಕ್ಷಾ ಸಮಿತಿಯವರು ಇಂಥದ್ದನ್ನೆಲ್ಲ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು. 2017ರ ಫೆಬ್ರವರಿ 22ರಂದು ತೀರ್ಪು ಬಂತು: ಕೆಲಸ ಮಾಡುವ ಶುದ್ಧೀಕರಣ ಘಟಕ ಇಲ್ಲದ ಕಾರ್ಖಾನೆಗೆ ಮೂರು ತಿಂಗಳು ಗಡುವು, ಆಮೇಲೆ ಕರೆಂಟು ಕಟ್. ಇಡೀ ದೇಶಕ್ಕೆ ಅನ್ವಯ, ನಮ್ಮ ಪೀಣ್ಯಕ್ಕೂ ಸೇರಿ. ಭಾವ ಹೊಗಳುವ ಗುಜರಾತಿನಿಂದ ಕಲಿಯಲು ಏನಾದರೂ ಇದ್ದರೆ ಇದೂ ಒಂದು ಅಂತ ನನ್ನ ಅಭಿಪ್ರಾಯ. ಇಂಥ ಜನವೂ ಗುಜರಾತಿನವರೇ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಮೊದಲ ರ‍್ಯಾಂಕ್ ಅಂಕಲೇಶ್ವರಕ್ಕೆ 88.50, ಎರಡನೆಯದು ವಾಪಿಗೆ 88.09. ಎರಡೂ ಗುಜರಾತು. ಎಪ್ಪತ್ತು ದಾಟಿದವರ ಪಟ್ಟಿಯಲ್ಲಿ ನಮ್ಮ ಮಂಗಳೂರು ಮತ್ತು ಭದ್ರಾವತಿಯೂ ಇದ್ದವು ಅನ್ನುವುದನ್ನು ಮದುವೆ ಮನೆಯಲ್ಲಿ ಯಾರೂ ನೆನೆಯುವುದಿಲ್ಲ.

ಇನ್ನು ಮುಂದಿನದು. ಕಚ್ಛದ ಮುಂದ್ರಾದಲ್ಲಿ ಅದಾನಿಯವರು ವರ್ಷಕ್ಕೆ 10 ಲಕ್ಷ ಟನ್ ಪೀವೀಸಿಯ ಕಾರ್ಖಾನೆ ಕಟ್ಟಲು ಹೊರಟಿದ್ದಾರೆ. 2021ರಲ್ಲಿ ಅದಕ್ಕೊಂದು ಕಂಪನಿ ಮಾಡಿದರು, 2023ರಲ್ಲಿ ಹಿಂಡನ್‌ಬರ್ಗ್ ಗಲಾಟೆಯ ನಂತರ ನಿಲ್ಲಿಸಿದರು, ಅದೇ ವರ್ಷ ಮತ್ತೆ ಎತ್ತಿಕೊಂಡರು. ಅಲ್ಲಿ ಎಥಿಲೀನ್ ಬದಲು ಕಲ್ಲಿದ್ದಲಿನ ದಾರಿ: ಕಲ್ಲಿದ್ದಲಿನಿಂದ ಕೋಕ್, ಅದಕ್ಕೆ ಸುಣ್ಣ ಸೇರಿಸಿ 2,000 ಡಿಗ್ರಿಯ ವಿದ್ಯುತ್ ಕುಲುಮೆಯಲ್ಲಿ ಕಾರ್ಬೈಡ್, ಅದರಿಂದ ಅಸಿಟಿಲೀನ್, ಅದರಿಂದ ವಿನೈಲ್. ಚೀನಾ ತನ್ನ ಬಹುಪಾಲು ಪೀವೀಸಿಯನ್ನು ಹೀಗೇ ಮಾಡುವುದು. ಅದಕ್ಕೆ ಚೀನಾದಲ್ಲಿ ಬಳಸುತ್ತಾ ಬಂದ ವೇಗವರ್ಧಕ ಮತ್ತೆ ಅದೇ ಪಾದರಸ! ಚಿನ್ನ ಬಳಸುವ ಬದಲಿ ವೇಗವರ್ಧಕ ಬಂದಿದೆ. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿಯೂ ಆಗಿದೆ. ಹಾಗಿದ್ದಾಗ ಯಾವುದನ್ನು ಬಳಸುತ್ತೇವೆ ಅಂತ ಕಾರ್ಖಾನೆಯ ಗೇಟಿನ ಮೇಲೆ ಗುಜರಾತಿಯಲ್ಲಿ ದೊಡ್ಡದಾಗಿ ಬರೆಸಲಿ. ಮುಂದ್ರಾದ ಮೀನುಗಾರನೂ ಓದುವ ಹಾಗೆ.

ಪಾದರಸ ಅಂದರೆ ನಮ್ಮೂರಿನವರಿಗೆ ಹೊಸತೇ? ಭಾವನ ಮನೆಯಿಂದ ಬಸ್ಸಿನಲ್ಲಿ ಒಂದೆರಡು ತಾಸು ಹೋದರೆ ಕಾರವಾರದ ಬಿಣಗಾ. ಅಲ್ಲಿ 1970ರ ದಶಕದಿಂದ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಬಲ್ಲಾರಪುರ ಇಂಡಸ್ಟ್ರೀಸ್, ಸೋಲಾರಿಸ್, ಆದಿತ್ಯ ಬಿರ್ಲಾ, ಗ್ರಾಸಿಂ ಅಂತ ಬೋರ್ಡು ಬದಲಾಗುತ್ತಾ ಬಂದಿದೆ. 1990ರಲ್ಲೇ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಕಾರವಾರದ ಕಾಸ್ಟಿಕ್ ಕಾರ್ಖಾನೆಯ ಬಳಿಯ ಪಾದರಸ ಅಂತಲೇ ತಲೆಬರಹ ಕೊಟ್ಟು 'ಮರೈನ್ ಪೊಲ್ಯೂಷನ್ ಬುಲೆಟಿನ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ. ಬಿಣಗಾದ ಮೀನು ಮಾರುವ ಹೆಂಗಸಿಗೆ ಅದನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿದವರು ಯಾರು?

'ಉಪ್ಪಿದೆ' ಅಂದರಲ್ಲ ಭಾವ, ಅದಕ್ಕೂ ಒಂದು ಮಾತು. 1930ರ ಮಾರ್ಚ್ 12ರಂದು ಗಾಂಧೀಜಿ ಹೊರಟ ಸಾಬರಮತಿ ಆಶ್ರಮ ನನ್ನ ಮನೆಯಿಂದ ರಿಕ್ಷಾದ ದಾರಿ. ಏಪ್ರಿಲ್ 6ಕ್ಕೆ ದಾಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರದಲ್ಲಿ, ಏಪ್ರಿಲ್ 13ರಂದು, ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಎರಡೂ ಊರಿಗೆ ಉಪ್ಪಿನ ನೆಂಟಸ್ತಿಕೆ. ಇವತ್ತು ದೇಶದ ಮುಕ್ಕಾಲು ಪಾಲು ಉಪ್ಪು ಗುಜರಾತಿನದು, ಅದರಲ್ಲಿ ಬಹಳಷ್ಟು ಹೋಗುವುದು ನಾನು ಹೇಳಿದ ಇದೇ ತೊಟ್ಟಿಗಳಿಗೆ. ಚಿಕ್ಕ ರಣದಲ್ಲಿ ಎಂಟು ತಿಂಗಳು ಬಿಸಿಲಲ್ಲಿ ನಿಂತು ಅದನ್ನು ಬೆಳೆಯುವ ಅಗರಿಯಾಗಳಿಗೆ ಕಿಲೋಗೆ ಸಿಗುವುದು ಪೈಸೆಯ ಲೆಕ್ಕ. ಉಪ್ಪು ಹಿಡಿದ ಅವರ ಪಾದ ಚಿತೆಯಲ್ಲೂ ಸರಿಯಾಗಿ ಸುಡುವುದಿಲ್ಲ ಅನ್ನುತ್ತಾರೆ ಅಲ್ಲಿನ ಜನ. ಉಪ್ಪಿಗೆ ತೆರಿಗೆ ಹಾಕಿದ್ದಕ್ಕೆ ಬ್ರಿಟಿಷರನ್ನು ಓಡಿಸಿದ ನಾವು ಉಪ್ಪು ಬೆಳೆಯುವವನಿಗೆ ಕೊಟ್ಟದ್ದು ಇಷ್ಟು.

ಇಷ್ಟು ಓದಿ 'ಹಾಗಾದರೆ ಪ್ಲಾಸ್ಟಿಕ್ ಪೈಪು ಬೇಡವೇ, ಕಬ್ಬಿಣದ್ದು ಹಾಕಿಸೋಣವೇ' ಅಂತ ಭಾವ ಕೇಳುತ್ತಾರೆ, ಗೊತ್ತು. ಬೇಕು ಮಾರಾಯರೇ. ಸೌರಾಷ್ಟ್ರದ ಒಣ ಹಳ್ಳಿಗೆ ನೀರು ಹೋಗುವುದು ಇದರಲ್ಲೇ. ಕುಡಿಯುವ ನೀರನ್ನು ಶುದ್ಧ ಮಾಡುವುದೂ ಇದೇ ಕ್ಲೋರಿನ್. ನಮ್ಮ ಕಡೆ ಕಾರ್ಖಾನೆ ಬರಲೇಬಾರದು ಅಂತಲೂ ನಾನು ಹೇಳುವುದಿಲ್ಲ. ಬರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ ಅನ್ನುತ್ತೇನೆ, ಅಷ್ಟೆ. ಕ್ಲೋರಿನ್ ಯಾರು ಎತ್ತುತ್ತಾರೆ, ಎತ್ತದ ದಿನ ಏನು ಮಾಡುತ್ತೀರಿ? ಕೊಳೆನೀರು ಯಾವ ಊರಿನ ಮುಂದೆ ಹಾಯುತ್ತದೆ, ಅದರ ಪರೀಕ್ಷೆಯ ಅಂಕಿ ಆ ಊರಿನ ಪಂಚಾಯತಿ ಗೋಡೆಯ ಮೇಲೆ ಕನ್ನಡದಲ್ಲಿ ಇರುತ್ತದೋ? ರಿಯಾಕ್ಟರಿಗೆ ಇಳಿಯುವ ಗುತ್ತಿಗೆಯವನ ಹೆಸರು ಯಾವ ಪುಸ್ತಕದಲ್ಲಿ, ಅವನು ಕೆಲಸ ಬಿಟ್ಟ ಮೂವತ್ತು ವರ್ಷದ ಮೇಲೂ ಆ ಪುಸ್ತಕ ಸಿಗುತ್ತದೋ? ವಿನೈಲಿನ ಕ್ಯಾನ್ಸರು ಹತ್ತಾರು ವರ್ಷ ಕಾದು ಬರುವಂಥದ್ದು, ಅದಕ್ಕೆ ಮೂವತ್ತು ಅಂದೆ. 'ಇದೆಲ್ಲ ಕೊಟ್ಟರೆ ಮುಳುಗಿಹೋಗುತ್ತೇವೆ' ಅಂತ ಅವರು ಹೇಳುತ್ತಾರೆ. ಹೇಳಲಿ. 2023ರ ಫೆಬ್ರವರಿಯಲ್ಲಿ ಅಮೆರಿಕಾದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಸಣ್ಣ ಊರಿನಲ್ಲಿ ರೈಲು ಹಳಿ ತಪ್ಪಿ ಐದು ಟ್ಯಾಂಕರ್ ವಿನೈಲ್ ಕ್ಲೋರೈಡನ್ನು ಬಯಲಲ್ಲಿ ಸುಟ್ಟರು. ಸುತ್ತಮುತ್ತಲಿನ ಜನ ಮನೆ ಖಾಲಿ ಮಾಡಬೇಕಾಯಿತು. ಸುಡುವ ಅಗತ್ಯವೇ ಇರಲಿಲ್ಲ ಅಂತ 2024ರಲ್ಲಿ ಅಲ್ಲಿನ ತನಿಖಾ ಮಂಡಳಿ ಹೇಳಿತು. ಅಲ್ಲಿಯಾದರೂ ಟ್ಯಾಂಕರಿನಲ್ಲಿ ಏನಿತ್ತು ಅಂತ ಊರವರಿಗೆ ಹೇಳಿದರು.

ಮದುವೆ ಮುಗಿಸಿ ಎರಡು ದಿನ ಊರಲ್ಲೇ ಇದ್ದೆ. ಹಿತ್ತಿಲ ಬಾವಿಯ ಪಂಪಿಗೆ ಹೊಸ ಪೈಪು ಹಾಕಿಸಬೇಕಿತ್ತು. ಪೇಟೆಯ ಅಂಗಡಿಗೆ ಹೋಗಿ "ಸೀಸ ಇಲ್ಲದ್ದು ಕೊಡಿ" ಅಂದೆ. ಅಂಗಡಿ ಹುಡುಗ ನನ್ನ ಮುಖ ನೋಡಿದ. ಮೇಲೆ ಮುದ್ರೆ ಇದೆಯೇ ನೋಡು ಅಂದೆ. ಪೈಪು ತಿರುಗಿಸಿ ತಿರುಗಿಸಿ ನೋಡಿದ, ಕಂಪನಿ ಹೆಸರು, ಐಎಸ್‌ಐ ಗುರುತು, ಅಳತೆ ಎಲ್ಲ ಓದಿ ಹೇಳಿದ. ಆಮೇಲೆ ಒಳಗಿದ್ದ ಮಾಲೀಕರನ್ನು ಕೂಗಿ ಕೇಳಿದ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ "ಬೂದಿ ಬಣ್ಣದ್ದು ಬೇಕೋ ಬಿಳಿದು ಬೇಕೋ ಕೇಳು" ಅಂದರು.

ಬೂದಿಯದೇ ಐದು ಲೆಂತ್ ತಂದೆ.